ಕ್ಯಾರೆಟ್ ಜೊತೆ ದೊಡ್ಡಪತ್ರೆ: ಇಲ್ಲಿನ ಮಕ್ಕಳೂ ಉಣ್ಣುವ ತಂಬುಳಿ

ಇಲ್ಲಿ ಕೆನಡಾದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ದೊಡ್ಡಪತ್ರೆ, ಒಂದೆಲಗ ತಿನ್ನಿಸುವುದು ಹೇಗೆ ಅಂತ ತುಂಬಾ ಜನ ಕೇಳಿದ್ದೀರಿ. ಕ್ಯಾರೆಟ್ ಜೊತೆ ಸೇರಿಸಿ ನೋಡಿ. ದೊಡ್ಡಪತ್ರೆಗೆ ಘಾಟು ಜಾಸ್ತಿ, ಒಂದೆಲಗಕ್ಕೆ ಸ್ವಲ್ಪ ಒಗರು. ಕ್ಯಾರೆಟ್ಟಿನ ಸಿಹಿ ಎರಡನ್ನೂ ತಗ್ಗಿಸುತ್ತದೆ. ಬಣ್ಣವೂ ಬದಲಾಗುತ್ತದೆ. ಹಸಿರು ಕಂಡರೆ ತಟ್ಟೆ ದೂರ ತಳ್ಳುವ ವಯಸ್ಸಿನಲ್ಲಿ ಅದೂ ಮುಖ್ಯ ಅಲ್ವಾ?

ನಮ್ಮ ಮನೆಯಲ್ಲಿ ಮಾಡುವುದು ಹೀಗೆ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿಯಿರಿ. ಪುಟ್ಟ ಮಕ್ಕಳಿದ್ದರೆ ಮೆಣಸು ಎರಡೇ ಸಾಕು. ಆರೇಳು ದೊಡ್ಡಪತ್ರೆ ಎಲೆ ಹಾಕಿ ಬಾಡಿಸಿ. ಹಸಿ ಘಾಟು ಪೂರ್ತಿ ಹೋಗಬೇಕು, ಇಲ್ಲಿ ಅವಸರ ಬೇಡ. ಆಮೇಲೆ ಒಂದು ಕ್ಯಾರೆಟ್ ತುರಿದು ಹಾಕಿ, ಮೆತ್ತಗಾಗುವ ತನಕ ಬಾಡಿಸಿ. ಆರಿದ ಮೇಲೆ ಎರಡು ಚಮಚ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ. ಫ್ರೀಜರಿನ ಕಾಯಿತುರಿಯಾದರೆ ತಣ್ಣಗಿರುವಾಗಲೇ ರುಬ್ಬಬೇಡಿ, ಜಿಡ್ಡು ಗಂಟು ಕಟ್ಟುತ್ತದೆ. ಒಂದು ಲೋಟ ಗಟ್ಟಿ ಮಜ್ಜಿಗೆ, ಉಪ್ಪು ಬೆರೆಸಿ ಸಾಸಿವೆ ಒಗ್ಗರಣೆ ಕೊಡಿ. ಮತ್ತೆ ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ. ಬಿಸಿ ಅನ್ನದ ಜೊತೆ ಬಡಿಸಿ.

ತುಪ್ಪ ಮಾತ್ರ ಬಿಡಬೇಡಿ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜಿಡ್ಡು ಬೇಕು. ಹಸಿಯಾಗಿ ತಿಂದದ್ದಕ್ಕಿಂತ ಬೇಯಿಸಿದ ಕ್ಯಾರೆಟ್ಟಿನಿಂದ ಅದು ಹೆಚ್ಚು ಸಿಗುತ್ತದೆ. ಮೈಯಲ್ಲಿ ಅದೇ ವಿಟಮಿನ್ ಎ ಆಗುವುದು.

ಎಲೆ ಎಲ್ಲಿ ಸಿಗುತ್ತದೆ? ದೊಡ್ಡಪತ್ರೆಯನ್ನು ಇಲ್ಲಿನ ನರ್ಸರಿಗಳಲ್ಲಿ ಕ್ಯೂಬನ್ ಒರೆಗಾನೊ ಅಂತ ಮಾರುತ್ತಾರೆ. ಒಂದೆಲಗಕ್ಕೆ ನಮ್ಮ ಟೊರಾಂಟೊದಲ್ಲಿ ಸ್ಕಾರ್ಬರೋ ಕಡೆಯ ಶ್ರೀಲಂಕಾ ತಮಿಳರ ಅಂಗಡಿಗಳಿಗೆ ಹೋಗಿ, ವಲ್ಲಾರೈ ಅಂತ ಕೇಳಿ. ಬೇರೆ ಊರಿನವರು ವಿಯೆಟ್ನಾಮಿನವರ ಅಂಗಡಿಯಲ್ಲೂ ಹುಡುಕಬಹುದು. ಒಂದೆಲಗ ಹಾಕುವುದಾದರೆ ಒಂದು ಹಿಡಿ ಬೇಕು, ಉಳಿದದ್ದೆಲ್ಲ ಹಾಗೇ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನಸ್ಸಿಗೆ ತಗೊಳ್ಳಿ. ಬಾಣಂತನಕ್ಕೆ ಊರಿನಿಂದ ಬರುವ ಅಮ್ಮಂದಿರು, ಅತ್ತೆಯವರು ಪ್ರೀತಿಯಿಂದ ಬಜೆ ತರುತ್ತಾರೆ. ತೇಯ್ದು ಕೂಸಿಗೆ ನೆಕ್ಕಿಸುವುದು ನಮ್ಮ ಎಷ್ಟೋ ಮನೆಗಳ ರೂಢಿ. ಆದರೆ ಬಜೆಯಲ್ಲಿರುವ ಬೀಟಾ ಅಸರೋನ್ ಅನ್ನುವ ರಾಸಾಯನಿಕ ಇಲಿಗಳಲ್ಲಿ ಗಡ್ಡೆ ಬೆಳೆಸಿದ್ದು ಕಂಡು, ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿದರು. ಕೂಸಿಗೆ ಅದು ಬೇಡವೇ ಬೇಡ. ವರ್ಷ ತುಂಬುವ ಮೊದಲು ಜೇನುತುಪ್ಪವೂ ಬೇಡ, ಬಾಟ್ಯುಲಿಸಂ ಅನ್ನುವ ಗಂಭೀರ ಕಾಯಿಲೆಯ ಅಪಾಯ ಇದೆ. ಹಿರಿಯರಿಗೆ ಬೇಜಾರಾಗದಂತೆ ಹೇಳುವುದು ಕಷ್ಟ, ನಿಜ. ಅವರು ಬರುವ ಮೊದಲೇ ಫೋನಿನಲ್ಲಿ ಹೇಳಿಬಿಟ್ಟರೆ ಸುಲಭ. ಮಗು ಆರು ತಿಂಗಳು ದಾಟಿ ಊಟ ಶುರು ಮಾಡಿದ ಮೇಲೆ ಕ್ಯಾರೆಟ್ ಬೇಯಿಸಿ ಮಸೆದು, ಚೂರು ತುಪ್ಪ ಹಾಕಿ ತಿನ್ನಿಸುವ ಕೆಲಸ ಅಜ್ಜಿಗೇ ಬಿಡಿ.

ನಮ್ಮ ಕಿಟಕಿಯ ಕುಂಡದಲ್ಲಿ ದೊಡ್ಡಪತ್ರೆ ಚೆನ್ನಾಗಿ ಹಬ್ಬಿದೆ. ಹತ್ತಿರದವರು ಹೇಳಿ, ಕಡ್ಡಿ ಮುರಿದು ಕೊಡುತ್ತೇನೆ. ನೀರಲ್ಲಿಟ್ಟರೂ ಬೇರು ಬಿಡುತ್ತದೆ. ಹಿಮ ಬೀಳುವ ಕಾಲ ಪೂರ್ತಿ ಮುಗಿಯುವ ತನಕ ಹೊರಗೆ ಮಾತ್ರ ಇಡಬೇಡಿ.