ಅಂಕೋಲಾ: ಬೋರ್ ನೀರು ಬರುವಾಗ ತಿಳಿ, ಬಕೆಟ್‌ನಲ್ಲಿಟ್ಟರೆ ಕೆಂಪು. ಯಾವ ಫಿಲ್ಟರ್ ಹಾಕಿಸಲಿ?

ಗದ್ದೆಬದಿ (ಅಂಕೋಲಾ):
ನಮಸ್ಕಾರ. ಬಾವಿ ಏಪ್ರಿಲ್ ಹೊತ್ತಿಗೆ ತಳ ಕಾಣ್ತದೆ ಅಂತ ಹೋದ ವರ್ಷ ಬೋರ್ ಹೊಡೆಸಿದ್ವಿ. ನೀರು ಧಾರಾಳ. ಆದರೆ ರಾತ್ರಿ ತುಂಬಿಸಿಟ್ಟ ಬಕೆಟ್ ಬೆಳಿಗ್ಗೆ ನೋಡಿದರೆ ಕೆಂಪು, ತಳದಲ್ಲಿ ಗಸಿ. ಅಪ್ಪನ ಬಿಳಿ ಪಂಚೆಗಳೆಲ್ಲ ಹಳದಿಯಾಗಿವೆ, ಬಚ್ಚಲ ಟೈಲ್ಸ್ ಮೇಲೆ ಕಂದು ಗೆರೆ, ಚಹಾ ಕಪ್ಪಗಾಗ್ತದೆ. ಫಿಲ್ಟರ್ ಅಂಗಡಿಯವರೊಬ್ಬರು ಆರ್‌ಓ ಅಂದ್ರು, ಇನ್ನೊಬ್ಬರು ಸಾಫ್ಟ್‌ನರ್ ಅಂದ್ರು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ರೆ ಸಾಕು ಅನ್ನೋದು ಪಕ್ಕದ ಮನೆಯವರ ಮಾತು. ಯಾರನ್ನು ನಂಬೋದು?

ಚಿರೆಕಲ್ಲು (ಕುಮಟಾ):
ಸದ್ಯ ಯಾರನ್ನೂ ಬೇಡ ಮಾರಾಯ್ರೆ. ಮೊದಲು ಇಷ್ಟು ಹೇಳಿ: ಪೈಪು ಜಿಐಯಾ (ಸತು ಲೇಪದ ಕಬ್ಬಿಣ), ಪಿವಿಸಿಯಾ (ಪ್ಲಾಸ್ಟಿಕ್)? ಪಂಪಿನ ಬುಡದಲ್ಲೇ ಹಿಡಿದ ನೀರೂ ಕೆಂಪಾಗ್ತದಾ? ಪಿಎಚ್, ಅಂದರೆ ನೀರಿನ ಹುಳಿಯ ಅಳತೆ, ಎಷ್ಟು (7ಕ್ಕಿಂತ ಕೆಳಗಾದರೆ ಹುಳಿ)? ಪಂಚಾಯ್ತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇರ್ತದೆ, ಕೇಳಿ ನೋಡಿ. ಬಾಟಲಿಯನ್ನು ಕಂಠಪೂರ್ತಿ ತುಂಬಿ, ಗಾಳಿ ಉಳಿಯದ ಹಾಗೆ ಮುಚ್ಚಿ, ಅದೇ ದಿನ ಕೊಡಿ. ತಡವಾದರೆ ಕಬ್ಬಿಣ ಬಾಟಲಿಯ ಗೋಡೆಗೆ ಅಂಟಿ ಲೆಕ್ಕ ಕಡಿಮೆ ಬರ್ತದೆ.

ಗದ್ದೆಬದಿ:
ಪೂರ್ತಿ ಪಿವಿಸಿ. ಪಂಪಿನ ಹತ್ತಿರ ಹಿಡಿದದ್ದೂ ಕೆಂಪಾಯ್ತು. ಕಿಟ್‌ನಲ್ಲಿ ಪಿಎಚ್ 6ಕ್ಕಿಂತ ಸ್ವಲ್ಪ ಕೆಳಗೆ, ಕಬ್ಬಿಣದ ಬಣ್ಣ 3 ಮಿಲಿಗ್ರಾಂ ಗೆರೆಯ ಹತ್ತಿರ.

ಚಿರೆಕಲ್ಲು:
ಹಾಗಾದರೆ ಪೈಪಿನ ತುಕ್ಕಲ್ಲ, ನೆಲದೊಳಗಿನದ್ದೇ. ನಮ್ಮ ಕರಾವಳಿಯ ಚಿರೆಕಲ್ಲಿನ (ಲ್ಯಾಟರೈಟ್) ಕೆಂಪೇ ಕಬ್ಬಿಣದ್ದು. ಗಾಳಿ ಸಿಗದ ಆಳದಲ್ಲಿ ಅದು ಕರಗಿ ನೀರಲ್ಲಿ ಕೂತಿರ್ತದೆ, ಕಣ್ಣಿಗೆ ಕಾಣೋದಿಲ್ಲ. ಮೇಲೆ ಬಂದು ಗಾಳಿ ತಾಗಿದ ಮೇಲೆ ತುಕ್ಕಾಗಿ ಬೇರ್ಪಡ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಕಬ್ಬಿಣದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಹಿಂದೆ 0.3 ಇತ್ತು. ಬಟ್ಟೆ, ಟೈಲ್ಸ್ ಮಟ್ಟಿಗೆ ಈಗಲೂ ಆ 0.3 ಅನ್ನೇ ಲೆಕ್ಕಕ್ಕೆ ಹಿಡೀರಿ, ಅದರ ಮೇಲೆ ಹೋದರೆ ಕಲೆ ಶುರು.

ನಿಮ್ಮಲ್ಲಿ ಕಬ್ಬಿಣಕ್ಕಿಂತ ದೊಡ್ಡ ತೊಂದರೆ ಪಿಎಚ್. ಗಾಳಿಯಿಂದ ಕಬ್ಬಿಣ ಬೇರ್ಪಡುವ ವೇಗ ಪಿಎಚ್ ಒಂದು ಅಂಕ ಇಳಿದರೆ ಸುಮಾರು ನೂರು ಪಟ್ಟು ಕುಗ್ತದೆ. 7ರ ಮೇಲಿದ್ದರೆ ಬೇಗ ಮುಗಿಯುವ ಕೆಲಸ 6ರ ಕೆಳಗೆ ರಾತ್ರಿಯೆಲ್ಲ ಹಿಡಿದರೂ ಪೂರ್ತಿ ಆಗೋದಿಲ್ಲ. ಅಂದರೆ ಕರಗಿದ ಕಬ್ಬಿಣ ಫಿಲ್ಟರ್ ದಾಟಿ ಹೋಗಿ ಪಂಚೆಯ ಮೇಲೆ ತುಕ್ಕಾಗ್ತದೆ. "ಫಿಲ್ಟರ್ ಹಾಕಿದ್ರೂ ಹೋಗ್ಲಿಲ್ಲ" ಅನ್ನುವವರಲ್ಲಿ ಬಹಳ ಜನರ ಕತೆ ಇದೇ.

ಹಾಗಾಗಿ ಹೀಗೆ ಮಾಡಿ. ಬೋರ್ ನೀರನ್ನು ತೂತು ಕೊರೆದ ಪೈಪಿನಿಂದ ಎತ್ತರದಲ್ಲಿ ಸಣ್ಣ ಹನಿಯಾಗಿ ಬೀಳಿಸಿ. ಆಮ್ಲಜನಕ ಒಳಗೆ ಹೋಗ್ತದೆ, ಜೊತೆಗೆ ನೀರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಪಿಎಚ್ ತಾನಾಗೇ ಸ್ವಲ್ಪ ಏರ್ತದೆ. ಆ ನೀರು ಸುಣ್ಣದಕಲ್ಲಿನ ಚೂರಿನ ಅಥವಾ ಒಡೆದ ಚಿಪ್ಪಿನ ಹಾಸಿನ ಮೂಲಕ ಹಾಯಲಿ, ಉಳಿದ ಹುಳಿಯನ್ನು ಅದು ತಿನ್ನುತ್ತದೆ. ಆಮೇಲೆ ತಂಗಲು ಒಂದು ಟ್ಯಾಂಕು, ಕೊನೆಗೆ ಮರಳಿನ ಡ್ರಮ್ಮು: ತಳದಲ್ಲಿ ಜಲ್ಲಿ, ಮೇಲೆ ದಪ್ಪ ಮರಳು, ಅದರ ಮೇಲೆ ಸಣ್ಣ ಮರಳು. ಅಲ್ಲಿಂದ ಮೇಲಿನ ಟ್ಯಾಂಕಿಗೆ ಇನ್ನೊಂದು ಸಣ್ಣ ಪಂಪು ಬೇಕು. ಆ ಖರ್ಚು ತಪ್ಪೋದಿಲ್ಲ.

ಆರ್‌ಓ ಬೇಡ. ಅದರೊಳಗಿನ ಸೋಸುವ ಪೊರೆಯನ್ನು (ಮೆಂಬ್ರೇನ್) ಕಬ್ಬಿಣ ಕಟ್ಟಿಸಿಬಿಡ್ತದೆ. ಸಾಫ್ಟ್‌ನರ್ ಗಡಸು ನೀರಿಗೆ. ಚಿರೆಕಲ್ಲಿನ ನೀರು ಸಾಮಾನ್ಯವಾಗಿ ಮೆದು, ನಿಮ್ಮಲ್ಲಿ ಅದಕ್ಕೆ ಏನು ಕೆಲಸ? ಬ್ಲೀಚಿಂಗ್ ಕಬ್ಬಿಣವನ್ನು ಬೇರ್ಪಡಿಸೋದು ನಿಜ, ಆದರೆ ಬೇರ್ಪಟ್ಟದ್ದನ್ನು ಸೋಸದಿದ್ದರೆ ಟ್ಯಾಂಕಿನ ಕೆಂಪೆಲ್ಲ ನಲ್ಲಿಗೆ.

ತೋಟದಮನೆ (ಶಿರಸಿ):
ಚಹಾದ ಒಗರೂ ಕಬ್ಬಿಣವೂ ಸೇರಿದರೆ ಕಪ್ಪು. ಹಿಂದಿನವರು ಅಳಲೆಕಾಯಿ ಮಸಿ ಮಾಡ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಕಿಟ್ ಇಲ್ಲದಿದ್ದರೆ ಲೋಟ ನೀರಿಗೆ ಹಾಲು ಹಾಕದ ಚಹಾ ಡಿಕಾಕ್ಷನ್ ಬಿಟ್ಟು ನೋಡಬಹುದು, ಫಿಲ್ಟರ್ ಮೊದಲಿನ ನೀರು, ನಂತರದ ನೀರು ಪಕ್ಕಪಕ್ಕ ಇಟ್ಟು.

ಒಂದು ಕೇಳ್ತೆ: ಫ್ಲಶ್ ಟ್ಯಾಂಕಿನೊಳಗೆ ಕೆಂಪು ಲೋಳೆ ಇದೆಯಾ? ನಮ್ಮ ತೋಟದ ಕಾಲುವೆಯಲ್ಲಿ ಅಂಥದ್ದು ಇದೆ, ಮೇಲೆ ಎಣ್ಣೆ ತೇಲಿದ ಹಾಗೆ ಪೊರೆ. ಕಡ್ಡಿಯಿಂದ ತಾಗಿಸಿದರೆ ಪೊರೆ ಚೂರುಚೂರಾಗ್ತದೆ. ನಿಜವಾದ ಎಣ್ಣೆಯಾದರೆ ಮತ್ತೆ ಕೂಡಿಕೊಳ್ತದೆ. ಆ ಲೋಳೆ, ಪೊರೆ ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ. ಬೋರಿನಲ್ಲೂ ಲೋಳೆ ಇದ್ದರೆ ಮೊದಲು ಬೋರಿಗೆ ಕ್ಲೋರಿನ್ ಕೊಟ್ಟು, ಆ ನೀರನ್ನು ಹೊರಗೆ ಚೆಲ್ಲಿ, ಆಮೇಲೆ ಮರಳಿನ ಕೆಲಸ. ಇಲ್ಲದಿದ್ದರೆ ಡ್ರಮ್ ಬೇಗ ಕಟ್ಟಿಕೊಳ್ತದೆ.

ಗದ್ದೆಬದಿ:
ಲೋಳೆ ಇಲ್ಲ, ಬರೀ ಪುಡಿ. ಆಯಿ ಕೇಳ್ತಿದ್ದಾಳೆ, ಪಂಚೆ, ಟೈಲ್ಸ್‌ಗೆ ಏನು ಮಾಡೋದು? ಮುರುಗಲು (ಕೋಕಂ) ಸಿಪ್ಪೆ ತಿಕ್ಕಬಹುದಾ?

ಕಡಲತಡಿ (ಕಾರವಾರ):
ಬಿಳಿ ಬಟ್ಟೆಗೆ ಮುರುಗಲು ಬೇಡ ಅಂತ ಆಯಿಗೆ ಹೇಳಿ, ಅದರ ಕೆಂಪು ಬೇರೆ ಹತ್ತೀತು! ತಾಮ್ರದ ಹಂಡೆಗೆ ಇಟ್ಟುಕೊಳ್ಳಲಿ. ಪಂಚೆಗೆ ಲಿಂಬೆ ರಸ, ಉಪ್ಪು ಸವರಿ ಬಿಸಿಲಿಗೆ ಹಾಕಿ ತೊಳೀರಿ. ಕಬ್ಬಿಣದ ಕಲೆಯನ್ನು ಕರಗಿಸೋದು ಹುಳಿ. ಬ್ಲೀಚ್ ಹಾಕಿದರೆ ಇನ್ನೂ ಗಟ್ಟಿ ಕೂರ್ತದೆ. ಕೊನೆಯ ಜಾಲಾಟಕ್ಕೆ ಸೋಸಿದ ನೀರೋ ಮಳೆ ನೀರೋ ಇರಲಿ.

ಟೈಲ್ಸ್‌ಗೆ ಆಕ್ಸಾಲಿಕ್ ಆಮ್ಲ, ಲೀಟರ್ ಬಿಸಿ ನೀರಿಗೆ ಒಂದು ದೊಡ್ಡ ಚಮಚ. ಅದು ವಿಷ, ಕೈಗವಸು ಬೇಕೇ ಬೇಕು, ಮಕ್ಕಳ ಕೈಗೆ ಸಿಗಬಾರದು. ಮಾರ್ಬಲ್, ಮೊಸಾಯಿಕ್ ಮೇಲೆ ಹಾಕಬೇಡಿ. ಹಳೆ ಮನೆಯ ರೆಡ್ ಆಕ್ಸೈಡ್ ನೆಲಕ್ಕಂತೂ ಬೇಡವೇ ಬೇಡ, ಆ ಬಣ್ಣವೇ ಕಬ್ಬಿಣದ್ದು! ಯಾವ ಆಮ್ಲವನ್ನೂ ಬ್ಲೀಚಿಂಗ್ ಜೊತೆ ಸೇರಿಸಬೇಡಿ, ವಿಷದ ಗಾಳಿ ಏಳ್ತದೆ.

ಗದ್ದೆಬದಿ:
ಚಿಪ್ಪು ಇಲ್ಲೇ ಅಳಿವೆಯಲ್ಲಿ ಸಿಗ್ತದೆ, ತಂದು ಹಾಕಲಾ? ಮರಳು ಕಡಲದ್ದಾದರೆ?

ಚಿರೆಕಲ್ಲು:
ಮರಳು ಹೊಳೆಯದ್ದೇ ಆಗಲಿ. ಚಿಪ್ಪನ್ನು ಮಾಂಸ, ಉಪ್ಪು ಉಳಿಯದ ಹಾಗೆ ಮಳೆಯಲ್ಲಿ ಬಿಟ್ಟು, ತೊಳೆದು, ಒಣಗಿಸಿ, ಒಡೆದು ಹಾಕಿ. ಕ್ರಮೇಣ ಅದರ ಮೇಲೆ ತುಕ್ಕು ಹತ್ತಿ ಕೆಲಸ ನಿಲ್ತದೆ, ಆಗ ಕಲಕಿ ತೊಳೆಯಬೇಕು. ಸವೆದಷ್ಟು ಹೊಸತು ಸೇರಿಸಬೇಕು. ಹೊಸ ಮರಳು ಮೊದಲ ವಾರಗಳಲ್ಲಿ ಕಬ್ಬಿಣವನ್ನು ಪೂರ್ತಿ ಹಿಡಿಯೋದಿಲ್ಲ. ಕಾಳುಗಳ ಮೇಲೆ ಕಂದು ಲೇಪ ಕೂತ ಮೇಲೆ ಚೆನ್ನಾಗಿ ಹಿಡೀತದೆ, ಹಾಗಾಗಿ ಗಲೀಜು ಅಂತ ಮರಳು ಬದಲಿಸಬೇಡಿ. ಹರಿವು ಕುಗ್ಗಿದಾಗ ತಳದಿಂದ ಉಲ್ಟಾ ನೀರು ಬಿಟ್ಟು ಕೆಸರು ಹೊರಡಿಸಿದರೆ ಸಾಕು. ಅದಕ್ಕೊಂದು ವಾಲ್ವ್ ಈಗಲೇ ಇಡಿಸಿ, ಪ್ಲಂಬರ್ ಬೇಡ ಅಂದರೂ.