ಡಾಗ್‌ಫೇಸ್ ಪಫರ್ ಮೀನಿನ ಹಲ್ಲು ಬೆಳೆದು ತಿನ್ನಲಾಗುತ್ತಿಲ್ಲ: ಏನು ಮಾಡಬೇಕು?

ತೊಟ್ಟಿಮನೆ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ತೊಟ್ಟಿಯಿದೆ. ಲೆಕ್ಕಕ್ಕೆ 250 ಲೀಟರ್ ಎಂದರೂ ಕಲ್ಲು, ಮರಳು ಕಳೆದರೆ 210 ಲೀಟರಿನಷ್ಟು ನೀರು ಹಿಡಿಯುತ್ತದೆ. ಎಂಟು ತಿಂಗಳಿಂದ ಅದರಲ್ಲಿ ಒಂದೇ ಒಂದು ಡಾಗ್‌ಫೇಸ್ ಪಫರ್ (ನಾಯಿಯಂಥ ಮುಖದ, ಹೆದರಿದರೆ ಹೊಟ್ಟೆ ಉಬ್ಬಿಸಿಕೊಳ್ಳುವ ಸಮುದ್ರದ ಮೀನು) ಇದೆ; ತಂದಾಗ ಮೂರು ಇಂಚು ಇದ್ದದ್ದು ಈಗ ಐದು ಇಂಚು ದಾಟಿದೆ.

ಹತ್ತು ದಿನಗಳಿಂದ ಅದು ಸಿಗಡಿಯ ತುಂಡನ್ನು ಬಾಯಿಗೆ ಎಳೆದುಕೊಂಡು, ಎರಡು ಬಾರಿ ಮೆಲುಕು ಹಾಕಿದಂತೆ ಮಾಡಿ, ಮತ್ತೆ ಉಗುಳಿಬಿಡುತ್ತಿದೆ. ಹಸಿವೇನೂ ಕಡಿಮೆಯಾಗಿಲ್ಲ, ನಾನು ಹಾಲ್‌ಗೆ ಬಂದ ಕೂಡಲೇ ಮೊದಲಿನಂತೆಯೇ ಗಾಜಿನ ಬಳಿ ಬಂದು, ಒಂದು ಕಣ್ಣು ನನ್ನ ಮೇಲೂ ಇನ್ನೊಂದು ಕಣ್ಣು ಡಬ್ಬಿಯ ಮೇಲೂ ಇಟ್ಟುಕೊಂಡು ಕಾಯುತ್ತದೆ. ಹತ್ತಿರದಿಂದ ನೋಡಿದರೆ ಮೇಲಿನ ಹಲ್ಲು ಗಿಳಿಯ ಕೊಕ್ಕಿನಂತೆ ಬಾಗಿ ಕೆಳತುಟಿಯ ಆಚೆಗೆ ಬಂದಿದೆ. ಬೆನ್ನು ಸ್ವಲ್ಪ ಇಳಿದಿದೆ.

ನೀರು ಪರೀಕ್ಷಿಸಿದರೆ, ಕೊಳೆತ ಆಹಾರ ಮತ್ತು ಹಿಕ್ಕೆಯಿಂದ ಬರುವ ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ, ಅವುಗಳಿಂದ ಕೊನೆಗೆ ಆಗುವ ನೈಟ್ರೇಟ್ 60 ಪಿಪಿಎಂ (ಲೀಟರಿಗೆ 60 ಮಿಲಿಗ್ರಾಂ), ನೀರಿನ ಸಾಂದ್ರತೆ 1.024, ಉಷ್ಣತೆ 26 ಡಿಗ್ರಿ.

ಆಹಾರದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮದು ಸಸ್ಯಾಹಾರಿ ಮನೆ. ಫ್ರೀಜರಿನ ಒಂದು ಮೂಲೆಯಲ್ಲಿ ಸ್ಟೀಲ್ ಡಬ್ಬಿ ಇಡಲು ಅಮ್ಮ ಒಪ್ಪಿದ್ದೇ ದೊಡ್ಡದು, ಅದೂ ಚಿಪ್ಪು, ಕಾಲು, ಮೀಸೆ ಒಂದೂ ಕಣ್ಣಿಗೆ ಬೀಳಬಾರದೆಂಬ ಷರತ್ತಿನ ಮೇಲೆ. ಆದ್ದರಿಂದ ಮೊದಲ ದಿನದಿಂದಲೂ ಸುಲಿದು ತೊಳೆದ ಸಿಗಡಿಯನ್ನೇ ಹಾಕುತ್ತಾ ಬಂದಿದ್ದೇನೆ.

ನಾನು ಮೀನು ಕೊಂಡ ಅಂಗಡಿಯವರು, ಇದು ಬಾಯಿಯ ಸೋಂಕು, ತಾಮ್ರದ ಔಷಧಿ ಹಾಕಿ ಎಂದು ಒಂದು ಬಾಟಲಿ ಕೊಟ್ಟರು. ತಂದಿಟ್ಟಿದ್ದೇನೆ, ಹಾಕಲು ಧೈರ್ಯವಾಗಿಲ್ಲ. ಹಲ್ಲನ್ನು ಮನೆಯಲ್ಲೇ ಕತ್ತರಿಸಬಹುದೇ? ಈ ಮೀನು ವಿಷಕಾರಿ ಎಂದು ಅಮ್ಮ ಎಲ್ಲಿಯೋ ಕೇಳಿದ್ದಾರೆ. ಕೈ ಹಾಕುವುದು ಅಪಾಯವೇ?

ಕಡಲಕರೆ, ಮಂಗಳೂರು:

ಮೊದಲು ಆ ಬಾಟಲಿಯನ್ನು ಹಿಂದಿರುಗಿಸಿ. ಪಫರ್ ಮೀನುಗಳಿಗೆ ಬೇರೆ ಮೀನುಗಳಂತೆ ಹುರುಪೆಯ ಕವಚವಿಲ್ಲ, ತಾಮ್ರವನ್ನು ಅವು ಚೆನ್ನಾಗಿ ತಡೆದುಕೊಳ್ಳುವುದಿಲ್ಲ. ಹಸಿದು ಸೊರಗಿರುವ ಮೀನಿಗಂತೂ ಅದನ್ನು ಹಾಕುವ ಮಾತೇ ಬೇಡ.

ನೀವು ವಿವರಿಸಿದ್ದು ರೋಗವಲ್ಲ, ಸವೆಯದೆ ಉಳಿದ ಹಲ್ಲು. ಈ ಮೀನಿನ ಕುಲಕ್ಕೆ ಟೆಟ್ರಾಡಾಂಟಿಡೇ ಎಂಬ ಹೆಸರು ಬಂದಿರುವುದೇ ನಾಲ್ಕು ಹಲ್ಲುಗಳಿಂದ: ಮೇಲೆರಡು, ಕೆಳಗೆರಡು, ಕೂಡಿಕೊಂಡು ಕೊಕ್ಕಿನಂತಾಗಿವೆ. ಮೈತುಂಬ ಮುಳ್ಳಿರುವ ಪೋರ್ಕ್ಯುಪೈನ್ ಪಫರ್‌ನ ಕುಲ ಬೇರೆ; ಅದಕ್ಕೆ ಮೇಲೊಂದು, ಕೆಳಗೊಂದು ಪಟ್ಟಿ ಮಾತ್ರ. ಎರಡರಲ್ಲಿಯೂ ಹಲ್ಲು ಸಾಯುವವರೆಗೆ ಬೆಳೆಯುತ್ತಲೇ ಇರುತ್ತದೆ, ಏಕೆಂದರೆ ಸಮುದ್ರದಲ್ಲಿ ಅವು ದಿನವಿಡೀ ಏಡಿ, ಶಂಖದ ಹುಳು, ಚಿಪ್ಪುಜೀವಿಗಳನ್ನು ಒಡೆದು ತಿನ್ನುತ್ತವೆ, ಬೆಳೆದಷ್ಟೂ ಸವೆಯುತ್ತದೆ. ನಿಮ್ಮ ಮೀನಿಗೆ ಎಂಟು ತಿಂಗಳು ಒಡೆಯಲು ಏನೂ ಸಿಗಲಿಲ್ಲ. ಅಮ್ಮನವರ ಷರತ್ತು ಅದರ ಬಾಯಿಗೆ ಬಂದು ತಟ್ಟಿದೆ, ಅಷ್ಟೇ.

ಆದರೂ ಒಂದು ಪರೀಕ್ಷೆ ಮಾಡಿಕೊಳ್ಳಿ. ಬಾಯಿ ತೆರೆದು ಮುಚ್ಚುತ್ತಿದ್ದು, ಹಲ್ಲು ಅಡ್ಡ ಬರುತ್ತಿದ್ದರೆ ಕತ್ತರಿಸಿದರೆ ಸರಿಹೋಗುತ್ತದೆ. ಬಾಯಿಯೇ ಅಲುಗದೆ ಬಿಗಿದುಕೊಂಡಿದ್ದರೆ ಅದು ಬೇರೆ ತೊಂದರೆ. ಥಯಾಮಿನ್, ಅಂದರೆ ಬಿ1 ಜೀವಸತ್ವದ ಕೊರತೆಯನ್ನು ಅದರ ಮುಖ್ಯ ಕಾರಣವೆಂದು ಭಾವಿಸಲಾಗಿದೆ. ಕೆಲವು ಜಾತಿಯ ಸಿಗಡಿ ಮತ್ತು ಚಿಪ್ಪುಜೀವಿಗಳಲ್ಲಿ ಈ ಜೀವಸತ್ವವನ್ನು ಒಡೆಯುವ ಕಿಣ್ವವಿರುತ್ತದೆ, ಫ್ರೀಜರಿನಲ್ಲಿಟ್ಟರೂ ಅದು ಸಾಯುವುದಿಲ್ಲ. ಆದ್ದರಿಂದ ಚಿಪ್ಪಿದ್ದರೂ ಇಲ್ಲದಿದ್ದರೂ ಒಂದೇ ಆಹಾರವನ್ನು ತಿಂಗಳುಗಟ್ಟಲೆ ಹಾಕಬಾರದು.

ಇನ್ನು ವಿಷದ ಮಾತು. ನಮ್ಮ ಕಡೆ ಟ್ರಾಲ್ ಬಲೆಗೆ ಪಫರ್ ಮೀನುಗಳು ಸಿಗುತ್ತವೆ. ಟೆಟ್ರೊಡೊಟಾಕ್ಸಿನ್ ಎಂಬ ವಿಷ ಹೆಚ್ಚಾಗಿ ಪಿತ್ತಜನಕಾಂಗ ಮತ್ತು ಅಂಡಾಶಯದಲ್ಲಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಅದು ತಿಂದವರಿಗೆ ಅಪಾಯ. ಸಸ್ಯಾಹಾರಿ ಮನೆಯಲ್ಲಿ ಆ ಭಯಕ್ಕೆ ಕಾರಣವಿಲ್ಲ. ನೀವು ಹೆದರಬೇಕಾದದ್ದು ಅದು ಕಚ್ಚುವುದಕ್ಕೆ. ಏಡಿಯ ಕೊಂಬನ್ನು ಮುರಿಯುವ ಬಾಯಿ ಅದು.

ಹಳೆಯ ಅಲೆ, ಮೈಸೂರು:

ನನ್ನ ಪೋರ್ಕ್ಯುಪೈನ್ ಪಫರ್‌ಗೆ ನಾನು ಎರಡು ಬಾರಿ ಹಲ್ಲು ಕತ್ತರಿಸಿದ್ದೇನೆ. ಮೊದಲನೆಯ ಸಲ ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ವಿವರವಾಗಿ ಬರೆಯುತ್ತಿದ್ದೇನೆ.

ಬಲೆ ಹಾಕಿ ಎತ್ತಿದೆ. ನೀರಿನಿಂದ ಹೊರಗೆ ಬಂದ ಕ್ಷಣದಲ್ಲಿಯೇ ಅದು ಗುಟುಕು ಗುಟುಕಾಗಿ ಗಾಳಿ ನುಂಗಿ ಚೆಂಡಿನಂತಾಯಿತು, ಮುಳ್ಳುಗಳು ಬಲೆಗೆ ಸಿಕ್ಕಿಕೊಂಡವು. ಕತ್ತರಿಯಿಂದ ಬಲೆಯನ್ನು ಕತ್ತರಿಸಿ ತೊಟ್ಟಿಗೆ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲಿತು. ನೀರು ತುಂಬಿಕೊಂಡಿದ್ದರೆ ತಾನಾಗಿಯೇ ಹೊರಗೆ ಬಿಡುತ್ತದೆ, ಗಾಳಿಯನ್ನು ಬಿಡಲು ಅದಕ್ಕೆ ಬಹಳ ಕಷ್ಟ. ಕೈಗವಸು ಹಾಕಿಕೊಂಡು ನೀರಿನೊಳಗೆಯೇ ಅದನ್ನು ತಲೆ ಮೇಲೆ, ಬಾಲ ಕೆಳಗೆ ಬರುವಂತೆ ಹಿಡಿದು, ಹೊಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಸವರುತ್ತಾ ಕುಳಿತೆ. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಂದು ದೊಡ್ಡ ಗುಳ್ಳೆ, ಅದರ ಹಿಂದೆ ಸಣ್ಣವು ಐದಾರು. ಅಂದಿನಿಂದ ಪಫರ್ ಮೀನಿಗೆ ನಾನು ಬಲೆ ಮುಟ್ಟಿಸಿಲ್ಲ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ಮುಳುಗಿಸಿ ನೀರಿನ ಸಮೇತ ಎತ್ತುತ್ತೇನೆ.

ಮೀನುಗಳನ್ನು ನೋಡುವ ಪಶುವೈದ್ಯರು ಸಿಕ್ಕರೆ ಅವರಲ್ಲಿಗೇ ಹೋಗಿ. ಸಿಗದಿದ್ದರೆ ಹೀಗೆ ಮಾಡಬಹುದು. ತೊಟ್ಟಿಯದೇ ನೀರನ್ನು ಎರಡು ಬಕೆಟ್‌ಗಳಿಗೆ ತೆಗೆದುಕೊಳ್ಳಿ, ಎರಡರಲ್ಲಿಯೂ ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಓಡುತ್ತಿರಲಿ. ಅರವಳಿಕೆಗಾಗಿ ಶುದ್ಧ ಲವಂಗದ ಎಣ್ಣೆಯನ್ನು ಲೀಟರಿಗೆ ಒಂದು ಹನಿಯ ಲೆಕ್ಕದಲ್ಲಿ ಅಳೆದು, ಬೆಚ್ಚಗಿನ ನೀರಿರುವ ಸಣ್ಣ ಬಾಟಲಿಯಲ್ಲಿ ಹಾಲಿನಂತೆ ಬಿಳಿಯಾಗುವವರೆಗೆ ಕುಲುಕಿ, ಮೀನಿರುವ ಬಕೆಟ್‌ಗೆ ಒಂದೇ ಸಲಕ್ಕೆ ಸುರಿಯದೆ ನಾಲ್ಕೈದು ಕಂತುಗಳಲ್ಲಿ ಹಾಕಿ. ಕುಲುಕದೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತದೆ, ಪ್ರಯೋಜನವಿಲ್ಲ. ಮೀನು ಆಯ ತಪ್ಪಿ ಪಕ್ಕಕ್ಕೆ ವಾಲಬೇಕು, ಆದರೆ ಕಿವಿರಿನ ಬಳಿ ಉಸಿರಾಟ ನಿಧಾನವಾಗಿಯಾದರೂ ನಡೆಯುತ್ತಿರಬೇಕು. ಉಸಿರು ನಿಲ್ಲುತ್ತಿದೆಯೆಂದು ಅನಿಸಿದರೆ ಹಲ್ಲನ್ನು ಮರೆತು ತಕ್ಷಣ ಎರಡನೆಯ ಬಕೆಟ್‌ಗೆ ಹಾಕಿ.

ನೈಲ್ ಕಟರ್ ಬೇಡ, ಅದು ಹಲ್ಲನ್ನು ಸೀಳಬಹುದು. ಬ್ಯೂಟಿ ಪಾರ್ಲರಿನಲ್ಲಿ ಬಳಸುವ, ತುದಿ ಚೂಪಾದ ಕ್ಯೂಟಿಕಲ್ ಕಟರ್ ಸಾಕು. ಒದ್ದೆ ಬಟ್ಟೆಯಲ್ಲಿ ಮೀನನ್ನು ನೀರಿನ ಮಟ್ಟದಲ್ಲಿಯೇ ಹಿಡಿಯಲು ಇನ್ನೊಬ್ಬರು ಬೇಕು. ತುದಿಯಿಂದ ಅಕ್ಕಿಕಾಳಿನ ಮೊನೆಯಷ್ಟನ್ನು ಮಾತ್ರ ತೆಗೆಯಿರಿ. ಪೂರ್ತಿ ಸರಿಯಾಗಿ ಕಾಣಬೇಕೆಂಬ ಆಸೆಗೆ ಬೀಳಬೇಡಿ. ಬಾಯಿ ಮುಚ್ಚುವಷ್ಟಾದರೆ ಮುಗಿಯಿತು, ಉಳಿದದ್ದನ್ನು ಚಿಪ್ಪು ಸವೆಸುತ್ತದೆ.

ಗಾಜಿನಾಚೆ, ಬೆಂಗಳೂರು:

ಎಲ್ಲರೂ ಹಲ್ಲನ್ನೇ ನೋಡುತ್ತಿದ್ದಾರೆ, ತೊಟ್ಟಿಯ ಮಾತನ್ನು ಯಾರೂ ಎತ್ತುತ್ತಿಲ್ಲ. ಡಾಗ್‌ಫೇಸ್ ಪಫರ್ ಒಂದು ಅಡಿಯ ಹತ್ತಿರಕ್ಕೆ ಬೆಳೆಯುವ ಮೀನು. 210 ಲೀಟರ್ ಅದಕ್ಕೆ ಇಂದು ಸಾಕಾಗಬಹುದು, ಎರಡು ವರ್ಷದ ನಂತರ ಸಾಲದು. 450 ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿಗೆ ಈಗಿನಿಂದಲೇ ಜಾಗ ನೋಡಿಕೊಳ್ಳಿ. ಅಷ್ಟು ಜಾಗವಿಲ್ಲದವರು ನಾಲ್ಕು ಇಂಚಿನ ಆಸುಪಾಸಿನಲ್ಲಿ ನಿಲ್ಲುವ ವ್ಯಾಲೆಂಟಿನಿ ಪಫರ್ ತರಬೇಕಿತ್ತು, ಆದರೆ ಅಂಗಡಿಯಲ್ಲಿ ಮೂರು ಇಂಚಿನ ಮರಿಯ ಮುಖ ನೋಡಿದವರಿಗೆ ಆ ಬುದ್ಧಿ ಹೇಳಿದರೆ ಕೇಳಿಸುವುದಿಲ್ಲ, ನನಗೂ ಕೇಳಿಸಿರಲಿಲ್ಲ.

ನೈಟ್ರೇಟ್ 60 ಎಂದರೆ ಉಗುಳಿದ ಸಿಗಡಿ ಎಲ್ಲೋ ಕಲ್ಲಿನ ಸಂದಿಯಲ್ಲಿ ಕೊಳೆಯುತ್ತಿದೆ. ಮೊದಲು ಅದನ್ನು ಹುಡುಕಿ ತೆಗೆಯಿರಿ. ನೀರಿನ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇಲ್ಲದಿದ್ದರೆ ಹಾಕಿಸಿ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಹಾಕಿ, ಹಿಂದಿನ ದಿನವೇ ಕಲಸಿಟ್ಟು, ವಾರಕ್ಕೆ 40 ಲೀಟರ್ ಬದಲಿಸಿ. ಅರವಳಿಕೆ ಕೊಡುವ ಮೊದಲು ಎರಡು ಸಲ ನೀರು ಬದಲಿಸುವುದು ಒಳ್ಳೆಯದು.

ತೊಟ್ಟಿಮನೆ, ಬೆಂಗಳೂರು:

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ, ಎಲ್ಲರಿಗೂ ಋಣಿ. ಬಾಯಿ ಬಿಗಿದುಕೊಂಡಿರಲಿಲ್ಲ. ಪಶುವೈದ್ಯರೊಬ್ಬರು ನಾಯಿ, ಬೆಕ್ಕು ಬಿಟ್ಟು ಬೇರೇನನ್ನೂ ನೋಡುವುದಿಲ್ಲವೆಂದರು. ಆದ್ದರಿಂದ ನೀರು ಎರಡು ಸಲ ಬದಲಿಸಿ, ನೈಟ್ರೇಟ್ 30ಕ್ಕೆ ಇಳಿದ ಮೇಲೆ, ಭಾನುವಾರ ಬೆಳಿಗ್ಗೆ ನಾನು ಮತ್ತು ತಮ್ಮ ಸೇರಿ ಕೆಲಸ ಮಾಡಿದೆವು. ಮೀನು ವಾಲಲು ಆರು ನಿಮಿಷ ಹಿಡಿಯಿತು. ನಾನು ಮೂರು ಬಾರಿ ಕತ್ತರಿಸಿದೆ. ಮೂರನೆಯ ಚೂರು ಟಕ್ಕೆಂದು ಹಾರಿ ತಮ್ಮನ ಕನ್ನಡಕಕ್ಕೆ ತಾಗಿತು. ಎರಡನೆಯ ಬಕೆಟ್‌ನಲ್ಲಿ ಮೀನು ಹತ್ತು ನಿಮಿಷ ತಳದಲ್ಲಿ ಮಲಗಿದ್ದು, ನಂತರ ನಮ್ಮಿಬ್ಬರ ಕಡೆ ನೀರು ಚಿಮ್ಮಿಸಿತು. ಮರುದಿನ ಸಂಜೆ ತಿಂದಿತು.

ಈಗ ಚಿಪ್ಪು ಸಮೇತ ಏನು ಹಾಕಲಿ? ಅಮ್ಮನ ಜೊತೆ ಮಾತುಕತೆಯಾಗಿದೆ. ಬಾಲ್ಕನಿಯಲ್ಲಿ ಸಣ್ಣ ಫ್ರೀಜರ್ ಇಟ್ಟುಕೊಳ್ಳಲು ಒಪ್ಪಿಗೆ ಸಿಕ್ಕಿದೆ, ಬೀಗ ಹಾಕಿರಬೇಕಂತೆ.

ಕಡಲಕರೆ, ಮಂಗಳೂರು:

ಬಹಳ ಸಂತೋಷವಾಯಿತು. ಇಲ್ಲಿ ನಾವು ಮರುವಾಯಿ, ಪಚ್ಚಿಲೆ ಎಂಬ ಚಿಪ್ಪುಜೀವಿಗಳನ್ನು ಹಾಕುತ್ತೇವೆ. ತೊಳೆದು ಕೆಲವು ದಿನ ಫ್ರೀಜರಿನಲ್ಲಿಟ್ಟು, ಕರಗಿಸಿ, ಚಿಪ್ಪನ್ನು ಸ್ವಲ್ಪವೇ ತೆರೆದು ಕೊಟ್ಟರೆ ಉಳಿದದ್ದನ್ನು ಮೀನೇ ನೋಡಿಕೊಳ್ಳುತ್ತದೆ. ನಿಮಗೆ ರಸೆಲ್ ಮಾರ್ಕೆಟ್‌ನಲ್ಲಿ ಸಣ್ಣ ಏಡಿಯೂ ಚಿಪ್ಪಿರುವ ಸಿಗಡಿಯೂ ಸಿಗುತ್ತವೆ. ಸಸ್ಯಗಳಿರುವ ಸಿಹಿನೀರಿನ ತೊಟ್ಟಿ ಇಟ್ಟವರನ್ನು ಕೇಳಿದರೆ ರಾಮ್ಸ್‌ಹಾರ್ನ್ ಬಸವನಹುಳುಗಳನ್ನು ಡಬ್ಬಿಗಟ್ಟಲೆ ಕೊಡುತ್ತಾರೆ, ಅವರಿಗೆ ಅವು ಕಳೆಯಿದ್ದಂತೆ. ಉಪ್ಪುನೀರಿನಲ್ಲಿ ಅವು ಬದುಕುವುದಿಲ್ಲ, ಒಂದೊಂದಾಗಿಯೇ ಹಾಕಿ. ವಾರಕ್ಕೊಮ್ಮೆ ಆಹಾರವನ್ನು ಬಿ1 ಇರುವ ಜೀವಸತ್ವದ ದ್ರಾವಣದಲ್ಲಿ ನೆನೆಸಿ ಕೊಡಿ. ಐದು ಇಂಚಿನ ಮೀನಿಗೆ ದಿನ ಬಿಟ್ಟು ದಿನ ಸಾಕು, ಅದು ಪ್ರತಿದಿನ ಬೇಡುತ್ತದೆ, ನಂಬಬೇಡಿ. ಒಡೆದ ಚಿಪ್ಪಿನ ಚೂರುಗಳನ್ನು ಅಂದೇ ಸೈಫನ್ ಮಾಡಿ ತೆಗೆಯಿರಿ, ಒಳಗಿನ ಮಾಂಸದ ಅಂಚು ಉಳಿದರೆ ಮತ್ತೆ ನೈಟ್ರೇಟ್ ಏರುತ್ತದೆ.