ಕಿರಾತಕಡ್ಡಿಯ ಕಹಿ ಒಂದೇ ಸಮನಾಗಿ ಬರಲು ಬೀಜವನ್ನು ಹೇಗೆ ಆರಿಸಬೇಕು?

ಪ್ರಶ್ನೆ (ಬದಿಯಡ್ಕ):
ಅಡಿಕೆ ತೋಟದ ಬದಿಯಲ್ಲಿಯೂ ಗುಡ್ಡೆಯ ಬಯಲಿನಲ್ಲಿಯೂ ಮೂರು ವರ್ಷಗಳಿಂದ ಕಿರಾತಕಡ್ಡಿ, ಅಂದರೆ ನೆಲಬೇವು, ಬೆಳೆಯುತ್ತಿದ್ದೇನೆ. ಬೀಜವನ್ನು ಹತ್ತಾರು ಮನೆಗಳ ಹಿತ್ತಿಲಿನಿಂದ ಒಟ್ಟುಮಾಡಿದ್ದೆ. ಕೊಳ್ಳುವವರು ಪ್ರತಿ ಸಲವೂ ಆಂಡ್ರೋಗ್ರಾಫೋಲೈಡ್ ಎಂಬ ಅದರ ಕಹಿ ಅಂಶ ಎಷ್ಟಿದೆಯೆಂದು ಪರೀಕ್ಷಿಸುತ್ತಾರೆ. ಒಮ್ಮೆ ಮೆಚ್ಚಿ ಒಯ್ದವರೇ ಮರುಸಲ ಕಡಿಮೆಯೆಂದು ಹಿಂದಿರುಗಿಸುತ್ತಾರೆ. ಒಳ್ಳೆಯ ಗಿಡಗಳ ಬೀಜವನ್ನೇ ಬಿತ್ತುತ್ತ ಹೋದರೆ ಈ ಏರುಪೇರು ನಿಂತೀತೇ?

ಉತ್ತರ (ಪೆರ್ಲ):
ಬೀಜವನ್ನು ದೂರುವ ಮೊದಲು ಕೊಯ್ಲನ್ನು ನೋಡಿ. ಆ ಕಹಿ ಅಂಶ ಕಡ್ಡಿಗಿಂತ ಎಲೆಯಲ್ಲಿಯೇ ಬಹಳ ಹೆಚ್ಚು. ಹೂ ಬಿಡತೊಡಗುವಾಗ ತುಂಬಿರುತ್ತದೆ, ಕಾಯಿ ಕಟ್ಟಿ ಎಲೆ ಉದುರಿದ ಮೇಲೆ ಇಳಿಯುತ್ತದೆ. ಮಳೆ ಬಿಡಲೆಂದು ಕಾದು ತಡವಾಗಿ ಕೊಯ್ದ ವರ್ಷ ನಮ್ಮ ಚೀಲಕ್ಕೆ ಕೈ ಹಾಕಿದರೆ ಚೌಕಾಕಾರದ ಬರಿಯ ಕಡ್ಡಿಗಳೇ ಸಿಗುತ್ತಿದ್ದವು. ನೆರಳಿನದನ್ನೂ ಬಯಲಿನದನ್ನೂ ಬೇರೆಬೇರೆಯಾಗಿಯೇ ಒಣಗಿಸಿ, ಬೇರೆಯಾಗಿಯೇ ಪರೀಕ್ಷೆಗೆ ಕಳುಹಿಸಿ.

ಉತ್ತರ (ಮುಳ್ಳೇರಿಯ):
ಮೇಲಿನ ಮಾತು ಸರಿ, ಆದರೆ ಬೀಜದ ಪಾಲೂ ದೊಡ್ಡದೇ. ಕಿರಾತಕಡ್ಡಿಯಲ್ಲಿ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶವೇ ನಡೆಯುವುದರಿಂದ, ಅಂದರೆ ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟುವುದರಿಂದ, ಹತ್ತು ಮನೆಯ ಬೀಜವೆಂದರೆ ತಮ್ಮ ಗುಣವನ್ನು ಬಿಟ್ಟುಕೊಡದ ಹಲವು ವಂಶಗಳ ಬೆರಕೆ; ಒಂದು ಬೇಗ ಹೂ ಬಿಡುತ್ತದೆ, ಇನ್ನೊಂದು ತಡವಾಗಿ, ಹೀಗಾಗಿ ನೀವು ಯಾವ ದಿನ ಕೊಯ್ದರೂ ಅದು ಎಲ್ಲಕ್ಕೂ ತಕ್ಕ ದಿನವಾಗದು. ಎಲೆ ದಟ್ಟವಾಗಿರುವ ಇಪ್ಪತ್ತು ಗಿಡಗಳನ್ನು ಗುರುತಿಸಿ, ಪ್ರತಿಯೊಂದರ ಬೀಜವನ್ನೂ ಪ್ರತ್ಯೇಕವಾಗಿಡಿ. ಮರುವರ್ಷ ಒಂದು ಗಿಡದ ಬೀಜಕ್ಕೆ ಒಂದು ಸಾಲಿನಂತೆ, ಒಂದೇ ದಿನ, ಒಂದೇ ಗೊಬ್ಬರ ಕೊಟ್ಟು, ಎರಡು ಮೂರು ಕಡೆ ನೆಡಿ. ನಡುವೆ ನಿಮ್ಮ ಬೆರಕೆ ಬೀಜದ ಸಾಲೊಂದು ಇರಲಿ. ಲಕ್ನೋದಲ್ಲಿರುವ, ಔಷಧೀಯ ಸಸ್ಯಗಳ ಸಂಶೋಧನೆ ನಡೆಸುವ ಸಿಮ್ಯಾಪ್ ಸಂಸ್ಥೆಯ ಸಿಮ್-ಮೇಘಾ ತಳಿ ಸಿಕ್ಕಿದರೆ ಅದನ್ನೂ ಹೋಲಿಕೆಗೆ ಇಡಿ. ತಾಯಿಗಿಡ ಹುಲುಸಾಗಿದ್ದದ್ದು ಸಗಣಿ ಬಿದ್ದ ಜಾಗದಿಂದಲೋ ತನ್ನ ಗುಣದಿಂದಲೋ ಎಂಬುದನ್ನು ಮಕ್ಕಳ ಸಾಲೇ ತಿಳಿಸುತ್ತದೆ. ಪರೀಕ್ಷೆಯ ಖರ್ಚು ಹೆಚ್ಚಾದ್ದರಿಂದ ಮೊದಲು ಎಲೆ, ಕಡ್ಡಿಗಳನ್ನು ಬೇರೆಬೇರೆ ತೂಗಿ, ಎಲೆಯ ಪಾಲು ಹೆಚ್ಚಿರುವ ಸಾಲುಗಳನ್ನಷ್ಟೇ ಕಳುಹಿಸಿ. ಎರಡು ವರ್ಷವೂ ಮುಂದೆ ನಿಂತ ಸಾಲನ್ನು ಮಾತ್ರ ನಂಬಿ. ಉಳಿದ ಬೆರಕೆ ಬೀಜವನ್ನು ದಯವಿಟ್ಟು ಎಸೆಯಬೇಡಿ. ಮುಂದೆ ರೋಗವೇನಾದರೂ ಬಂದರೆ ತಾಳುವ ಗಿಡವನ್ನು ಅದರಲ್ಲಿಯೇ ಹುಡುಕಬೇಕಾಗುತ್ತದೆ.

ಪ್ರಶ್ನೆ ಕೇಳಿದವರು (ಬದಿಯಡ್ಕ):
ಇಬ್ಬರಿಗೂ ಕೃತಜ್ಞತೆಗಳು. ಹೂವಿನ ಹೊತ್ತಿಗೇ ಕೊಯ್ದರೆ ಬೀಜ ಎಲ್ಲಿಂದ ಬರಬೇಕು?

ಉತ್ತರ (ಮುಳ್ಳೇರಿಯ):
ಪ್ರತಿ ಸಾಲಿನಲ್ಲಿ ಐದು ಗಿಡಗಳನ್ನು ಕೊಯ್ಯದೆ ಬಿಡಿ. ಬಲಿತು ಒಣಗಿದ ಕಾಯಿ ಬಿಸಿಲಿಗೆ ಸಿಡಿದು ಬೀಜವನ್ನು ದೂರಕ್ಕೆ ಚಿಮ್ಮಿಸುತ್ತದೆ, ಪಕ್ಕದ ಸಾಲಿಗೂ ಬೀಳುತ್ತದೆ. ಆದ್ದರಿಂದ ಕಾಯಿ ಕಂದುಬಣ್ಣಕ್ಕೆ ತಿರುಗುವಾಗಲೇ, ಬೆಳಗ್ಗೆ ಇಬ್ಬನಿ ಆರುವ ಮೊದಲು ಕಿತ್ತು, ಸಾಲಿನ ಸಂಖ್ಯೆ ಬರೆದ ಕಾಗದದ ಲಕೋಟೆಯಲ್ಲಿ ಬಾಯಿ ಮುಚ್ಚಿಡಿ, ಅದರೊಳಗೇ ಸಿಡಿಯಲಿ.